ಎರಡು ದಳದ ಸಸಿ

ತೊಗರಿ ಒಡೆಯುವಾಗ ಬೀಸುವ ಕಲ್ಲಿನ ಸದ್ದೇ ಬೇರೆ. ಜೋಳ ಹಾಕಿದರೆ ಕಲ್ಲು ಒಂದೇ ಸಮನೆ ಗುಂಯ್‌ಗುಡುತ್ತದೆ, ಹಾಡುವವಳ ದನಿಗೆ ದನಿ ಕೂಡಿಸುತ್ತದೆ. ತೊಗರಿ ಹಾಕಿದರೆ ಕಟಕಟ ಎಂದು ಜಗಳಕ್ಕೆ ನಿಲ್ಲುತ್ತದೆ. ಅಂದು ಬೆಳಿಗ್ಗೆ ಪಾರವ್ವ ಆ ಜಗಳದ ಕೆಲಸಕ್ಕೇ ಕೂತಿದ್ದಳು. ಕೆಮ್ಮಣ್ಣು ಹಚ್ಚಿ ಒಣಗಿಸಿದ ತೊಗರಿಯನ್ನು ಹಿಡಿ ಹಿಡಿಯಾಗಿ ಕಲ್ಲಿನ ಬಾಯಿಗೆ ಸುರಿದು ಗೂಟ ತಿರುಗಿಸುತ್ತಿದ್ದಳು. ಕಲ್ಲಿನ ಸುತ್ತ ಹಳದಿ ಬೇಳೆ ಉದುರುತ್ತಿತ್ತು. ಎದುರಿಗೆ ಎಂಟು ವರ್ಷದ ಮಗಳು ಶಿವವ್ವ ಚಕ್ಕಳಮಕ್ಕಳ ಹಾಕಿ ಕೂತು, ಒಡೆಯದೆ ಜಾರಿ ಬಂದ ಇಡೀ ಕಾಳುಗಳನ್ನು ಆರಿಸಿ ಮೊರಕ್ಕೆ ಹಾಕುತ್ತಿದ್ದಳು.

ಅರ್ಧ ಮೊರವೂ ತುಂಬಿರಲಿಲ್ಲ, ಹೊರಗೆ ಎತ್ತಿನ ಗೆಜ್ಜೆಯ ಸದ್ದು ಬಂದು ನಿಂತಿತು.

"ಪಾರವ್ವಾ, ಕಲ್ಲ ನಿಂದರಸು. ನಿಮ್ಮಣ್ಣ ಬಂದಾನ ನೋಡು," ಎಂದು ಅತ್ತೆ ಗೌರವ್ವ ಪಡಸಾಲೆಯಿಂದ ಕೂಗಿದಳು.

ಅಣ್ಣ ಗುರುಲಿಂಗಪ್ಪ ಹುಕ್ಕೇರಿಯಿಂದ ಬಂಡಿ ಹೂಡಿಕೊಂಡು ಬಂದಿದ್ದ. ನಡುವೆ ಗೋಕಾಕದಲ್ಲಿ ಒಂದು ರಾತ್ರಿ ತಂಗಿ, ಬೆಳ್ಳಿ ಮೂಡುವ ಹೊತ್ತಿಗೆ ತಂಗಿಯ ಊರು ಮೂಡಲಗಿಯ ದಾರಿ ಹಿಡಿದಿದ್ದ. ಇಷ್ಟು ದೂರ ಅವನು ಬರಿಗೈಯಲ್ಲಿ, ಬರಿ ಮಾತಿಗೆ ಬರುವವನಲ್ಲ. ಕಾಲು ತೊಳೆದ, ಬೆಲ್ಲ ನೀರು ತಗೊಂಡ, ಗೌರವ್ವನ ಜೊತೆ ಮಳೆ ಬೆಳೆ ಮಾತಾಡಿದ. ರೊಟ್ಟಿ ಉಂಡು ಕೈ ತೊಳೆದ ಮೇಲೆ ತಂಗಿಯ ಬಳಿ ಬಂದು, ಬೀಸುವ ಕಲ್ಲಿನ ಬಾಜೂಕೇ ಗೋಡೆಗೆ ಒರಗಿ ಕೂತ.

"ಬೆಲ್ಲದ ರಾಚಪ್ಪನ್ನ ನೀ ನೋಡಿ ಅಲ್ಲ?" ಎಂದ.

ನೋಡಿದ್ದಳು. ಹೋದ ವರ್ಷ ಪಂಚಮಿಗೆ ತವರಿಗೆ ಹೋದಾಗ ಹುಕ್ಕೇರಿ ಸಂತೆಯಲ್ಲಿ ಅವನ ಅಂಗಡಿಗೆ ಹೋಗಿದ್ದಳು. ತೂಗಿ ಕೊಟ್ಟ ಮೇಲೆ ಒಂದು ಪುಟ್ಟ ಬೆಲ್ಲದ ಹೆಂಟೆಯನ್ನು ಶಿವವ್ವನ ಕೈಗಿಟ್ಟು, ಏನೂ ಹೇಳದೆ ಮುಂದಿನ ಗಿರಾಕಿಯ ಕಡೆ ತಿರುಗಿದ್ದ.

"ಹೆಂಡತಿ ತೀರಿ ಎರಡ ವರ್ಷಾತು. ಮಕ್ಕಳಿಲ್ಲ. ಮಿದು ಮನಷ್ಯಾ. ಕೇಳ್ಯಾನ," ಎಂದ ಗುರುಲಿಂಗಪ್ಪ. "ನಿನ್ನ ವಯಸ್ಸೇನು ಮುಗದೈತೇನು ಪಾರೂ? ಉಡಿಕಿ ಮಾಡ್ಕೊಂಡು ಹೋಗು ಬಾ. ಅತ್ತಿಗೂ ಹೇಳೇನಿ. ಅವರು ಬ್ಯಾಡ ಅನ್ನಲಿಲ್ಲ."

ಪಾರವ್ವನ ಗಂಡ ಅಪ್ಪಣ್ಣ ಹತ್ತಿ ಹೇರಿಕೊಂಡು ಗೋಕಾಕದ ಪೇಟೆಗೆ ಹೋದವನು ಜ್ವರ ಹೊತ್ತುಕೊಂಡು ಬಂದು ಮಲಗಿದ್ದ, ಮತ್ತೆ ಏಳಲಿಲ್ಲ. ಅದಾಗಿ ಎರಡು ಸುಗ್ಗಿ ಕಳೆದಿದ್ದವು. ಗಂಡ ಸತ್ತವಳಿಗೆ ಅವರ ಮಂದಿಯಲ್ಲಿ ಉಡಿಕೆಯ ದಾರಿ ಇತ್ತು. ಹಂದರವಿಲ್ಲ, ವಾಲಗವಿಲ್ಲ, ಹೊಸ ಸೀರೆ ಉಡಿಸಿ, ಬಳೆ ಇಡಿಸಿ, ಸದ್ದಿಲ್ಲದೆ ಕರೆದುಕೊಂಡು ಹೋಗುವುದು. ಹೋದವಳನ್ನು ಯಾರೂ ಹೀನಾಯ ಮಾಡುತ್ತಿರಲಿಲ್ಲ. ಆದರೆ ಮೊದಲ ಗಂಡನ ಕೂಸು ಮೊದಲ ಗಂಡನ ಮನೆಗೇ ಸೇರಿದ್ದು. ಅದು ಅಲ್ಲೇ ಉಳಿಯಬೇಕು.

"ಶಿವವ್ವ?" ಎಂದಳು ಪಾರವ್ವ.

"ಶಿವವ್ವ ಈ ಮನಿ ಕೂಸು. ಆಯಿ ಅದಾಳ, ಕಾಕಾ ಅದಾನ, ಕಾಕೂ ಅದಾಳ. ಏನ ಕಡಿಮಿ?"

"ಅಕಿ ಅಳತಾಳ ಅಣ್ಣಾ."

"ಎಲ್ಲಿ ಅಳಾಕತ್ಯಾಳ? ನೋಡಲ್ಲಿ."

ಶಿವವ್ವ ತಲೆ ತಗ್ಗಿಸಿ ಕಾಳು ಆರಿಸುತ್ತಲೇ ಇದ್ದಳು. ಕೇಳಿಸಿಕೊಂಡಿದ್ದಾಳೆ ಎನ್ನುವುದಕ್ಕೆ ಒಂದೇ ಗುರುತು: ಒಡೆದ ಬೇಳೆಯನ್ನೂ ಇಡೀ ಕಾಳಿನ ಮೊರಕ್ಕೇ ಹಾಕುತ್ತಿದ್ದಳು.

"ಹೋಗಬ್ಯಾಡ ಅಂದಾಳೇನು? ಏನರ ಕೇಳ್ಯಾಳೇನು? ಮಕ್ಕಳು ನಮಗಿಂತ ಗಟ್ಟಿ ಇರತಾವ ತಂಗಿ."

ಪಾರವ್ವ ಗೂಟದ ಮೇಲೆ ಕೈಯಿಟ್ಟಳು. ದನಿ ತಗ್ಗಿಸಿ ಹೇಳಿದಳು: "ಹಂಗಾರ ಹಿಂಗ ಮಾಡು. ಕಾರ ಹುಣ್ಣಿಮಿ ದಾಟಿಸಿ ಬಾ. ನೀ ಬರೂ ಮಟ ಅಕಿ ಒಂದ ಸಲ ಬಾಯಿಬಿಟ್ಟು ನನ್ನ ಇರು ಅಂತ ಕೇಳಿದ್ರ ನಾ ಬರಾಂಗಿಲ್ಲ. ಕೇಳಲಿಲ್ಲಂದ್ರ ಬರತೇನಿ."

"ಇದೇನ ಉಡಿಕಿನೋ, ಕುಸ್ತಿ ಪಂಥಾನೋ?" ಎಂದು ಗುರುಲಿಂಗಪ್ಪ ನಕ್ಕ. ಆದರೆ ಒಪ್ಪಿದ. ಎತ್ತು ನೀರು ಕುಡಿದ ಮೇಲೆ ಬಂಡಿ ಹೂಡಿಕೊಂಡು ಹೋದ.

ಮಗಳು ಆ ಸಂಜೆಯೇ ಕೇಳುತ್ತಾಳೆ ಎಂದು ಪಾರವ್ವ ಅಂದುಕೊಂಡಿದ್ದಳು. ತಲೆ ಹಿಕ್ಕುವಾಗ ಕಾಯ್ದಳು. ಊಟಕ್ಕೆ ಬಡಿಸಿ ಕಾಯ್ದಳು. ಶಿವವ್ವ ಉಂಡಳು, ತಟ್ಟೆ ತೊಳೆದಳು, ಕೌದಿಯೊಳಗೆ ತಾಯಿಗೆ ಬೆನ್ನು ಮಾಡಿ ಮಲಗಿದಳು. ಮಾರನೆಯ ದಿನವೂ ಹಾಗೆಯೇ. ಮೊದಲೇ ಮಿತಮಾತಿನ ಹುಡುಗಿ, ಈಗ ಹೂಂ, ಊಹೂಂ ಎರಡರಲ್ಲೇ ದಿನ ಕಳೆಯತೊಡಗಿದಳು.

ತಾನೇ ಕೂಡಿಸಿಕೊಂಡು ಕೇಳಬಹುದಿತ್ತು. ಆದರೆ ದೊಡ್ಡವರು ಬಾಯಲ್ಲಿಟ್ಟ ಮಾತು ಮಕ್ಕಳ ಮಾತಲ್ಲ, ಅದು ಪಾರವ್ವನಿಗೆ ಗೊತ್ತಿತ್ತು. ಇನ್ನೊಂದು ಕಾರಣವೂ ಇತ್ತು. ಅದನ್ನು ಅವಳು ದೇವರ ಮುಂದೆ ಕೂತಾಗಲೂ ಪೂರ್ತಿ ಬಿಚ್ಚಿ ನೋಡುತ್ತಿರಲಿಲ್ಲ. ಮಗಳು ಕೇಳದೇ ಇದ್ದರೆ ಸಾಕು ಎನ್ನುವ ಒಂದು ಆಸೆ ಎದೆಯ ಮೂಲೆಯಲ್ಲಿ ಇಲಿಯ ಹಾಗೆ ಓಡಾಡುತ್ತಿತ್ತು.

ಯಾಕಿರಬಾರದು? ಆ ಮನೆಯಲ್ಲಿ ಅವಳನ್ನು ಯಾರೂ ಬೈದವರಿಲ್ಲ, ಹೊಡೆದವರಿಲ್ಲ. ಕೂಗಿ ಕರೆದವರೂ ಇಲ್ಲ. ಈ ವರ್ಷ ಮಿರಗದ ಮಳೆ ಬಿದ್ದು ಹೊಲ ಹದವಾದಾಗ ಮೈದುನ ಕೂರಿಗೆ ಹೂಡಿದ. ಜೋಳದ ಸಾಲುಗಳ ನಡುವೆ ಅಲಸಂದಿ, ತೊಗರಿಯ ಅಕ್ಕಡಿ ಸಾಲು ಬಿಡುವುದು ಹೆಂಗಸರ ಕೆಲಸ. ಕೂರಿಗೆಯ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ನಡೆಯುತ್ತ, ಬಿದಿರಿನ ಕೊಳವೆಗೆ ಒಂದೊಂದೇ ಕಾಳು ಬಿಡುತ್ತ ಹೋಗಬೇಕು. ಮದುವೆಯಾಗಿ ಬಂದಂದಿನಿಂದ ಅದು ಪಾರವ್ವನ ಕೆಲಸವಾಗಿತ್ತು. ಅವಳ ಅಕ್ಕಡಿಯಲ್ಲಿ ಒಂದು ಕಡೆ ಗುಂಪು, ಒಂದು ಕಡೆ ಬಯಲು ಎಂದಿಗೂ ಆಗುತ್ತಿರಲಿಲ್ಲ. ಗಂಡ ಸತ್ತ ಮೇಲೆ ಹೋದ ವರ್ಷ ಮಳೆಯೇ ತಡವಾಗಿ, ಗಡಿಬಿಡಿಯಲ್ಲಿ ಯಾರು ಬೀಜ ಬಿಡಬೇಕೆನ್ನುವ ಮಾತೇ ಬಂದಿರಲಿಲ್ಲ. ಈ ವರ್ಷ ಹುಳ ಹತ್ತದಂತೆ ಬೀಜದ ಗಡಿಗೆಗೆ ಹಾಕಿದ್ದ ಬೂದಿ ಜಾಡಿಸಿ, ಕಾಳು ಆರಿಸಿ ಇಟ್ಟವಳು ಅವಳೇ. ಬಿತ್ತುವ ಬೆಳಿಗ್ಗೆ ಅತ್ತೆ ಉಡಿ ತುಂಬಿದ್ದು ಮಾತ್ರ ನೆಗೆಣ್ಣಿಗೆ, ಮೈದುನನ ಹೆಂಡತಿ ಕಾಶೆವ್ವನಿಗೆ. ಮುತ್ತೈದೆಯ ಕೈಯಿಂದ ಬಿದ್ದ ಬೀಜ ಚೆನ್ನ ಎನ್ನುತ್ತಾರೆ. ಯಾರೂ ಪಾರವ್ವನಿಗೆ ಬೇಡ ಅನ್ನಲಿಲ್ಲ, ಕರೆಯಲಿಲ್ಲ, ಅಷ್ಟೆ. ಹೊಲಕ್ಕೆ ಬಂಡಿ ಹೋದ ಮೇಲೆ ಅವಳು ಖಾಲಿ ಗಡಿಗೆಯನ್ನು ಕವಿಚಿಟ್ಟು ಅಂಗಳ ಗುಡಿಸಿದ್ದಳು.

ಒಂದು ದಿನ ಶಿವವ್ವ ಸಾಲೆಯಿಂದ ಬಂದವಳೇ ಹಿತ್ತಲಿನ ತಿಪ್ಪೆಯ ಕಡೆಯಿಂದ ಒಂದು ಒಡಕು ಗಡಿಗೆಯ ತಳ ಹುಡುಕಿ ತಂದಳು. ಅದರಲ್ಲಿ ಎರೆಮಣ್ಣು ತುಂಬಿ ಬಚ್ಚಲ ನೀರು ಹರಿಯುವ ಕಡೆ ಇಟ್ಟಳು. ಆಮೇಲೆ ತಾಯಿಯ ಮುಂದೆ ಅಂಗೈ ಚಾಚಿ ನಿಂತಳು.

"ಏನ ಬೇಕ ಕೂಸ?"

"ಜ್ವಾಳ. ಮತ್ತ ಅಲಸಂದಿ," ಎಂದಳು ಶಿವವ್ವ. "ಮಾಸ್ತರು ಹಚ್ಚಾಕ ಹೇಳ್ಯಾರ. ಏಕದಳ ಒಂದು, ದ್ವಿದಳ ಒಂದು."

ಇಷ್ಟು ಉದ್ದದ ಮಾತು ಅವಳ ಬಾಯಿಂದ ಬಂದದ್ದಕ್ಕೇ ಪಾರವ್ವನಿಗೆ ಹಿಗ್ಗಾಯಿತು. ಬೇಕೆಂತಲೇ ತಿಳಿಯದವಳ ಹಾಗೆ, "ಅಂದ್ರೇನ್ವಾ ಅದು?" ಎಂದಳು.

ಶಿವವ್ವ ಪಾಠ ಒಪ್ಪಿಸುವ ರಾಗದಲ್ಲಿ ಹೇಳಿದಳು. ಹೂ ಬಿಡುವ ಗಿಡಗಳಲ್ಲಿ ಎರಡು ಪಂಗಡ. ಒಂದು ಪಂಗಡದ ಕಾಳಿನೊಳಗೆ ಒಂದೇ ದಳ, ಇನ್ನೊಂದರೊಳಗೆ ಎರಡು. ಜೋಳ, ಗೋಧಿ, ಕಬ್ಬು, ಹುಲ್ಲು ಎಲ್ಲ ಏಕದಳ. ತೊಗರಿ, ಕಡಲೆ, ಅಲಸಂದಿ, ಹುಣಸೆ, ಬೇವು ಎಲ್ಲ ದ್ವಿದಳ.

"ಇಷ್ಟಕ್ಕ ಸಾಲಿಗೆ ಹೋಗಬೇಕೇನ?" ಎಂದು ಗೌರವ್ವ ಬತ್ತಿ ಹೊಸೆಯುತ್ತ ಕೂತಲ್ಲಿಂದಲೇ ಬಾಯಿ ಹಾಕಿದಳು. "ಕಲ್ಲಿಗೆ ಹಾಕಿ ನೋಡು. ಎರಡ ಹೋಳಾತು, ಬ್ಯಾಳಿ. ಹಿಟ್ಟಾತು, ರೊಟ್ಟಿ."

"ಬೇವಿನ ಬೀಜ ಕಲ್ಲಿಗೆ ಹಾಕ್ತಿಯೇನ ಆಯಿ?" ಎಂದಳು ಶಿವವ್ವ. "ಎಲಿ ನೋಡಬೇಕಂತ. ಏಕದಳದ ಎಲಿಯಾಗ ಗೆರಿ ಒಂದರ ಬಾಜೂಕ ಒಂದು ನೆಟ್ಟಗ ಹೋಗತಾವು. ದ್ವಿದಳದ್ದು ಬಲಿ ಹೆಣದಂಗ ಇರತಾವು. ಹೂವಿನ ಎಸಳೂ ಎಣಸಬೇಕಂತ. ಮೂರ ಮೂರು ಇದ್ರ ಏಕದಳ, ಐದೈದು ಇದ್ರ ದ್ವಿದಳ. ನಾಕ ನಾಕೂ ಇರತಾವಂತ."

ಕಾಶೆವ್ವ ನೀರಿನ ಕೊಡ ಇಳಿಸುತ್ತ ಕಿವಿಯ ಹೂವಿನಾಕಾರದ ಓಲೆ ಮುಟ್ಟಿಕೊಂಡಳು. "ಹಂಗಾರ ನನ್ನ ಬೆಂಡ್ವಾಲಿ ಎಸಳ ಎಣಸಿ ಹೇಳು, ನಾ ಯಾವ ಪಂಗಡದಾಕಿ?"

ಶಿವವ್ವ ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಕೇಳಿದ ನಗು. ಪಾರವ್ವ ಬಿತ್ತಿ ಮಿಕ್ಕದ್ದನ್ನು ಇಟ್ಟಿದ್ದ ಬೂದಿಯ ಗಡಿಗೆಗೆ ಕೈಹಾಕಿ ಕಾಳು ತೆಗೆಯುವ ನೆವದಲ್ಲಿ ಮುಖ ತಿರುಗಿಸಿಕೊಂಡಳು.

ಗಡಿಗೆಯ ತಳದಲ್ಲಿ ಒಂದು ಬದಿಗೆ ಜೋಳ, ಒಂದು ಬದಿಗೆ ಅಲಸಂದಿ ಬಿತ್ತು. ಕೆಲವು ದಿನಕ್ಕೆ ಎರಡೂ ಎದ್ದವು. ಜೋಳ ಸೂಜಿಯ ಹಾಗೆ ಒಂದೇ ಎಲೆಯಾಗಿ ಚುಚ್ಚಿಕೊಂಡು ಬಂತು. ಅಲಸಂದಿ ಹಾಗಲ್ಲ. ಮೊದಲು ಬೆನ್ನು ಬಾಗಿಸಿ ಮಣ್ಣನ್ನು ಎತ್ತಿತು, ಆಮೇಲೆ ತಲೆ ಹೊರಗೆಳೆದುಕೊಂಡಿತು. ಎದ್ದು ನಿಂತಾಗ ಕಾಳಿನ ಎರಡು ಹೋಳುಗಳೂ ಅದರ ಅಕ್ಕಪಕ್ಕ ಇದ್ದವು. ನಡುವೆ ಮಡಚಿಟ್ಟ ಎಳೆಯ ಎಲೆ.

ಪಾರವ್ವ ವರ್ಷ ವರ್ಷ ಹೊಲದಲ್ಲಿ ಇದನ್ನು ದಾಟಿಕೊಂಡು ಹೋದವಳೇ. ಕುಕ್ಕುರುಗಾಲಲ್ಲಿ ಕೂತು ನೋಡಿರಲಿಲ್ಲ. ಈಗ ಪಾತ್ರೆ ತಿಕ್ಕುವುದನ್ನು ಬಿಟ್ಟು ಮಗಳ ಬಾಜೂಕೆ ಕೂತಳು.

"ಜ್ವಾಳ ನೋಡು," ಎಂದಳು, "ತನ್ನ ಬುತ್ತಿ ಮಣ್ಣಾಗ ಮುಚ್ಚಿಟ್ಟು ಬಂದೈತಿ. ಕೆಳಗಿಂದ ಕೆಳಗ ಉಣತೈತಿ. ಅಲಸಂದಿಗೆ ಧೈರ್ಯ ಸಾಲದು. ಬುತ್ತಿ ಹೆಗಲ ಮ್ಯಾಲ ಹೊತ್ಕೊಂಡ ಬಂದೈತಿ."

ಶಿವವ್ವ ಒಂದು ಜೋಳದ ಸಸಿಯನ್ನೂ ಒಂದು ಅಲಸಂದಿಯನ್ನೂ ಬೇರು ನೋಡಲೆಂದು ಕಿತ್ತಳು. ಜೋಳದ ಬುಡಕ್ಕೆ ಆಡಿನ ಗಡ್ಡದ ಹಾಗೆ ಎಳೆಎಳೆ ಬೇರು, ಒಂದು ಚಿಟಿಕೆ ಮಣ್ಣನ್ನು ತಬ್ಬಿಕೊಂಡೇ ಬಂತು. ಅಲಸಂದಿಯದು ಒಂದೇ ತಾಯಿಬೇರು, ನೆಟ್ಟಗೆ ಆಳಕ್ಕೆ ಇಳಿದದ್ದು. ಕೀಳುವಾಗ ತುದಿ ಅಲ್ಲೇ ಹರಿದು ಉಳಿಯಿತು. ಎರಡನ್ನೂ ತಿರುಗಿ ಊರಿದಳು. ಸಂಜೆಗೆ ಜೋಳ ತಲೆ ಎತ್ತಿ ನಿಂತಿತ್ತು. ಅಲಸಂದಿ ಒರಗಿತ್ತು.

ಗೌರವ್ವ ಅದನ್ನು ನೋಡಿ, "ಹೆಣ್ಣಾಗಿ ಹುಟ್ಟಿದ ಮ್ಯಾಲ ಜ್ವಾಳದಂಗ ಇರಬೇಕು, ಎಲ್ಲಿ ಹಚ್ಚಿದ್ರ ಅಲ್ಲಿ," ಎಂದಳು. ಯಾರನ್ನೂ ಚುಚ್ಚಲು ಹೇಳಿದ್ದಲ್ಲ. ಅವಳೂ ಹತ್ತು ವರ್ಷದವಳಿದ್ದಾಗ ಅರಭಾವಿಯಿಂದ ಬಂದು ಈ ಮನೆಯ ಹೊಸ್ತಿಲು ತುಳಿದವಳು. ಒರಗಿದ ಸಸಿಗೆ ತಾನೇ ಒಂದು ಹನಿ ನೀರು ಹಾಕಿ ಹೋದಳು. ಅದು ಏಳಲಿಲ್ಲ.

ಉಳಿದ ಅಲಸಂದಿಗಳಲ್ಲಿ ಒಂದಕ್ಕೆ ಕೇಡು ಬಂತು. ಅಳಿಲು ಬಂದು ಅದರ ಒಂದು ದಳವನ್ನು ಕಡಿದುಕೊಂಡು ಹೋಗಿತ್ತು. ಇನ್ನೊಂದೇ ದಳ ಹೊತ್ತುಕೊಂಡು ಸಸಿ ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಪಾರವ್ವ ಅದನ್ನು ಕಿತ್ತುಬಿಡಲು ಕೈ ಚಾಚಿದಳು. ಗಟ್ಟಿ ಸಸಿಗಳು ಬೇರೆ ಇದ್ದವು. ಮಾಸ್ತರಿಗೆ ತೋರಿಸಲು ಅವು ಸಾಕು. ಶಿವವ್ವ ಓಡಿ ಬಂದು ತಾಯಿಯ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಆಮೇಲೆ ಎಲ್ಲಿಂದಲೋ ಒಂದು ಹರಕು ಬುಟ್ಟಿ ತಂದು ಆ ಸಸಿಯ ಮೇಲೆ ಕವಿಚಿದಳು. ಬೆಳಿಗ್ಗೆ ಬಿಸಿಲಿಗೆ ಬುಟ್ಟಿ ತೆಗೆಯುವುದು, ಸಾಲೆಗೆ ಹೋಗುವಾಗ ಮುಚ್ಚುವುದು. ಬೇರೆ ಸಸಿಗಳನ್ನು ಅವಳು ತಿರುಗಿಯೂ ನೋಡಲಿಲ್ಲ.

"ಆ ದಳ ಕಿತ್ತಗಿತ್ತಿ ಮತ್ತ," ಎಂದು ಗೌರವ್ವ ಒಮ್ಮೆ ಮೊಮ್ಮಗಳಿಗೆ ಹೇಳಿದಳು. "ಎಲಿ ಬಲಿಯೂದ್ರಾಗ ಅದನ್ನ ಕಿತ್ತಿದ್ರ ಬಳ್ಳಿ ಕುಳ್ಳ ಉಳೀತೈತಿ. ತನ್ನಾಗಿನ ಹಾಲೆಲ್ಲ ಕೊಟ್ಟು, ಸುಕ್ಕಾಗಿ, ತಾನ ಉದರತೈತಿ ಅದು. ಅಲ್ಲೀ ಮಟ ಇರ್ಲಿ."

ಒಲೆಯ ಮುಂದೆ ಕೂತಿದ್ದ ಪಾರವ್ವನ ಕೈಯಲ್ಲಿ ರೊಟ್ಟಿ ಹೊತ್ತಿತು. ಅತ್ತೆ ಮೊಮ್ಮಗಳಿಗೆ ಹೇಳಿದ್ದೋ, ತನಗೆ ಹೇಳಿದ್ದೋ ಎಂದು ತಿರುಗಿ ನೋಡಿದಳು. ಗೌರವ್ವ ಆಗಲೇ ದನದ ಕೊಟ್ಟಿಗೆಯ ಕಡೆ ನಡೆದಿದ್ದಳು.

ಕಾರ ಹುಣ್ಣಿಮೆ ಬಂತು, ಎತ್ತುಗಳ ಕೋಡಿಗೆ ಬಣ್ಣ ಬಂತು, ಹೋಯಿತು. ಮಗಳು ಕೇಳಲಿಲ್ಲ. ಪಾರವ್ವ ತಲೆ ಹಿಕ್ಕುವಾಗ ಹಣಿಗೆಯನ್ನು ನಿಧಾನಕ್ಕೆ ಆಡಿಸುತ್ತಿದ್ದಳು, ಮಾತು ಬರಲೆಂದು ದಾರಿ ಬಿಟ್ಟು ನಿಂತ ಹಾಗೆ. ಮಾತು ಬರಲಿಲ್ಲ. ಬರಬರುತ್ತ ಅವಳಿಗೆ ಅಣ್ಣನ ಮಾತೇ ಖರೆ ಎನಿಸತೊಡಗಿತು. ಕೂಸು ಗಟ್ಟಿಯಾಗಿದೆ. ಅಪ್ಪನನ್ನು ಕಳೆದುಕೊಂಡದ್ದೇ ಅದನ್ನು ಗಟ್ಟಿ ಮಾಡಿದೆ. ತಾನೇ ಇಲ್ಲಿ ಯಾರಿಗೂ ಬೇಡದ ಒಲೆಯ ಮುಂದೆ ಕೂತು, ಬೇಕಾಗಿದ್ದೇನೆ ಎಂದು ನಂಬಿಕೊಂಡವಳು.

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರವಿರುವಾಗ ಒಂದು ಬೆಳಿಗ್ಗೆ ಗುರುಲಿಂಗಪ್ಪನ ಬಂಡಿ ಬಂದು ನಿಂತಿತು. ಈ ಸಲ ಅದರಲ್ಲಿ ಒಂದು ಗಂಟಿತ್ತು. ಬಿಚ್ಚಿದರೆ ಹಸಿರು ಇಳಕಲ್ ಸೀರೆ, ಒಂದು ಕುಬಸದ ಖಣ, ಹಾಳೆಯಲ್ಲಿ ಸುತ್ತಿದ ಬಳೆ. ಮೇಲೆ ಒಂದು ಬೆಲ್ಲದ ಹೆಂಟೆ.

"ಬೆಲ್ಲ ಯಾರಿಗೆ?" ಎಂದಳು ಪಾರವ್ವ.

"ಶಿವವ್ವಗ. ರಾಚಪ್ಪ ಕೊಟ್ಟ ಕಳಿಸ್ಯಾನ," ಎಂದ ಗುರುಲಿಂಗಪ್ಪ. ಆಮೇಲೆ ಕಣ್ಣಲ್ಲೇ ಕೇಳಿದ.

ಪಾರವ್ವ ತಲೆ ಅಲ್ಲಾಡಿಸಿದಳು. ಇಲ್ಲ, ಕೇಳಿಲ್ಲ.

"ನಾ ಅಂದಿದ್ನಲ್ಲ? ಬಿಸಲೇರೂದ್ರಾಗ ಹೊಂಡೂಣು. ಸೀರಿ ಉಟ್ಕೋ."

ಗೌರವ್ವ ಕಂಬಕ್ಕೆ ಒರಗಿ ನಿಂತಿದ್ದಳು. "ಪಾರವ್ವಾ, ನಾ ಬ್ಯಾಡ ಅಂದಿಲ್ಲ, ಹೋಗಂತನೂ ಅಂದಿಲ್ಲ. ಅಷ್ಟ ತಿಳ್ಕೊ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಹಿತ್ತಲಿನಿಂದ ಶಿವವ್ವ ಗಡಿಗೆಯ ತಳವನ್ನು ಎದೆಗೆ ಅವಚಿಕೊಂಡು ಬಂದಳು. ಅಂದು ಮಾಸ್ತರಿಗೆ ಸಸಿ ತೋರಿಸುವ ದಿನ. ಪಾರವ್ವ ಅವಳನ್ನು ನಿಲ್ಲಿಸಿ ಜಡೆ ನೋಡಿದಳು. ಆಗಲೇ ಹಾಕಿಯಾಗಿತ್ತು, ಆದರೂ ಬಿಚ್ಚಿ ಮತ್ತೆ ಹಾಕಿದಳು. ಬೆಲ್ಲದ ಹೆಂಟೆಯನ್ನು ಕೈಯಲ್ಲಿಟ್ಟಳು. ಶಿವವ್ವ ಅದನ್ನು ನೋಡಿದಳು, ಗಂಟಿನಲ್ಲಿದ್ದ ಹಸಿರು ಸೀರೆಯನ್ನು ನೋಡಿದಳು, ಬೆಲ್ಲವನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟಳು. ಹೊಸ್ತಿಲು ದಾಟಿದಳು. ಓಣಿಯ ತಿರುವಿನಲ್ಲಿ ಮರೆಯಾದಳು. ಕೇಳಲಿಲ್ಲ.

ಇಷ್ಟೇ ಇತ್ತಲ್ಲ ಎಂದುಕೊಂಡಳು ಪಾರವ್ವ. ಅಳು ಬರಬೇಕಾಗಿತ್ತು. ಎದೆ ಒಣಗಿ ಹಗುರವಾಗಿತ್ತು, ಗಾಳಿಗೆ ತೂರಿದ ಹೊಟ್ಟಿನ ಹಾಗೆ. ಒಳಕೋಣೆಗೆ ಹೋಗಿ ಸೀರೆಯ ಮಡಿಕೆ ಬಿಚ್ಚಿದಳು. ಹೊಸ ಗಂಜಿಯ ವಾಸನೆ ಬಂತು. ಸೆರಗನ್ನು ಹೆಗಲಿಗೆ ಹಿಡಿದು ನೋಡುತ್ತ ನಿಂತಳು.

ಬಾಗಿಲಲ್ಲಿ ನೆರಳು ಬಿತ್ತು.

ಶಿವವ್ವ ತಿರುಗಿ ಬಂದಿದ್ದಳು. ಓಡಿ ಬಂದದ್ದಕ್ಕೆ ಏದುಸಿರು. ಗಡಿಗೆಯ ಮಣ್ಣು ಲಂಗಕ್ಕೆ ಚೆಲ್ಲಿತ್ತು. ಮಣ್ಣಿನ ನಡುವೆ ಆ ವಾಲಿದ ಸಸಿ ಇನ್ನೂ ನಿಂತಿತ್ತು. ಅದರ ಒಂಟಿ ದಳ ಹಳದಿಯಾಗಿ ಸುಕ್ಕಾಗಿತ್ತು, ಆದರೂ ಉದುರಿರಲಿಲ್ಲ. ಅವಳು ತಾಯಿಯ ಮುಖ ನೋಡಲಿಲ್ಲ. ಆ ದಳವನ್ನೇ ನೋಡುತ್ತ, ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಅವ್ವಾ," ಎಂದಳು, "ನಾ ಸಾಲಿಂದ ಬರೂ ಮಟ ನೀ ಇರತಿಯೇನ?"